ಪವನಾ ಹಿನ್ನೀರಿನಲ್ಲಿ ಗಾಳ ಹಾಕಿದರೆ ಏನು ಸಿಗುತ್ತದೆ?

ಪ್ರತಿ ವರ್ಷ ದೀಪಾವಳಿ ಮುಗಿಯುತ್ತಿದ್ದಂತೆ ನನಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕನ್ನಡ ಸಂಘದ ಗೆಳೆಯರು, ಹಳೆಯ ಕಂಪನಿಯ ಜೊತೆಗಾರರು, ಈಗೀಗ ಅವರ ಮಕ್ಕಳು ಕೂಡ ಫೋನ್ ಮಾಡುತ್ತಾರೆ. "ಸಾರ್, ಈ ಭಾನುವಾರ ಪವನಾ ಕಡೆ ಹೋಗ್ತಾ ಇದ್ದೀವಿ. ಗಾಳ ಹಾಕಿದ್ರೆ ಏನಾದ್ರೂ ಸಿಗುತ್ತಾ?"

ನಾನೇನು ಮೀನು ಶಾಸ್ತ್ರಜ್ಞನಲ್ಲ. 1988ರಲ್ಲಿ ಕೊಳ್ಳೇಗಾಲದ ಕಡೆಯ ಹಳ್ಳಿಯೊಂದರಿಂದ ಒಂದು ಟ್ರಂಕು ಹಿಡಿದು ಚಿಂಚವಡಕ್ಕೆ ಬಂದವನು, ಕಾರ್ಖಾನೆಯೊಂದರಲ್ಲಿ ಲೇಥ್ ಮುಂದೆ ನಿಂತು ನಿವೃತ್ತನಾದವನು. ಆದರೆ ನಮ್ಮೂರು ಕಾವೇರಿ ದಂಡೆಯ ಊರು. ನಡೆಯಲು ಕಲಿತ ಮೇಲೆ ನಾನು ಕಲಿತ ಮೊದಲ ವಿದ್ಯೆ ಎರೆಹುಳು ಅಗೆಯುವುದು. ಇಲ್ಲಿಗೆ ಬಂದ ಮೊದಲ ವರ್ಷ ಊರಿನ ನೆನಪಾದಾಗಲೆಲ್ಲ ಲೋಕಲ್ ಹತ್ತಿ ಕಾಮಶೇತದಲ್ಲಿ ಇಳಿದು, ಅಲ್ಲಿಂದ ಸಿಕ್ಕ ಜೀಪು ಹಿಡಿದು ಪವನಾನಗರಕ್ಕೆ ಹೋಗಿ ನೀರಿನ ಮುಂದೆ ಕೂತುಬಿಡುತ್ತಿದ್ದೆ. ಆ ಚಟ ಇನ್ನೂ ಬಿಟ್ಟಿಲ್ಲ. ನನ್ನ ಹೆಂಡತಿ ಅದಕ್ಕೆ "ನಿಮ್ಮ ಎರಡನೇ ಸಂಸಾರ" ಅಂತ ಹೆಸರಿಟ್ಟಿದ್ದಾಳೆ. ಇರಲಿ.

ಈ ಸಲ ಆ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಕಾರಣ ಇದೆ, ಆಮೇಲೆ ಹೇಳುತ್ತೇನೆ. ಮೊದಲು ಕೇಳಿದ್ದಕ್ಕೆ ಉತ್ತರ.

ಪವನಾ ಅಂದರೆ ಗೊತ್ತಿಲ್ಲದವರಿಗೆ: ಲೋಣಾವಳದ ಹತ್ತಿರ ಸಹ್ಯಾದ್ರಿಯ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಅಣೆಕಟ್ಟಿನ ಹಿನ್ನೀರು. ಸುತ್ತ ತುಂಗ್, ತಿಕೋನಾ, ಲೋಹಗಡ, ವಿಸಾಪುರ ಕೋಟೆಗಳ ಬೆಟ್ಟ. ನಮ್ಮ ಪಿಂಪ್ರಿ-ಚಿಂಚವಡದ ನಲ್ಲಿಯಲ್ಲಿ ಬರುವುದು ಬಹುಪಾಲು ಈ ಅಣೆಕಟ್ಟಿನ ನೀರೇ. ಹಾಗಾಗಿ ಇಲ್ಲಿನ ನೀರಿಗೂ ನನಗೂ ಮೂವತ್ತೈದು ವರ್ಷಕ್ಕೂ ಹೆಚ್ಚಿನ ಋಣ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಬೇಡಿ ಅನ್ನುವುದು ನನ್ನ ಮೊದಲ ಮಾತು. ಘಟ್ಟದ ಮಳೆ ಅಂದರೆ ಹಗಲು ರಾತ್ರಿ ಒಂದೇ ಸಮ. ಹಳ್ಳಗಳೆಲ್ಲ ಕೆಮ್ಮಣ್ಣು ಹೊತ್ತು ಇಳಿಯುತ್ತವೆ, ನೀರು ದಿನಕ್ಕೊಂದು ಮಟ್ಟ ಏರುತ್ತದೆ, ನಿನ್ನೆ ಕೂತ ಕಲ್ಲು ಇವತ್ತು ಮುಳುಗಿರುತ್ತದೆ. ದಂಡೆ ಜಾರುತ್ತದೆ. ಮೀನೂ ಆಗ ಗಾಳದ ಯೋಚನೆಯಲ್ಲಿ ಇರುವುದಿಲ್ಲ; ಹೊಸ ನೀರು ಬಂದ ಕಡೆ ಮೊಟ್ಟೆ ಇಡಲು ಹೊರಟಿರುತ್ತದೆ. ಹಳ್ಳ ಸೇರುವ ಬಾಯಲ್ಲಿ ಆ ಕಾಲದಲ್ಲಿ ಸುಲಭವಾಗಿ ಮೀನು ಸಿಗುತ್ತದೆ, ನಿಜ. ಸಿಗುತ್ತದೆ ಅಂತಲೇ ಅಲ್ಲಿ ಗಾಳ ಹಾಕಬಾರದು. ಬಸುರಿಯ ಕೈಯಿಂದ ಅನ್ನದ ತಟ್ಟೆ ಕಿತ್ತುಕೊಂಡ ಹಾಗೆ ಅದು.

ಅಕ್ಟೋಬರ್ ಕೊನೆಗೆ ನೀರು ತಿಳಿಯಾಗುತ್ತದೆ. ಕೆರೆ ತುಂಬಿರುತ್ತದೆ, ಆದರೆ ತುಂಬಿದ ಕೆರೆಯಲ್ಲಿ ಮೀನು ಹುಡುಕುವುದು ಜಾತ್ರೆಯಲ್ಲಿ ಮಗು ಹುಡುಕಿದ ಹಾಗೆ. ಮುಳುಗಿದ ಹುಲ್ಲು, ಗದ್ದೆಯ ಬದು ಇರುವ ಕಡೆ, ಗಾಳಿ ಬಂದು ಬಡಿಯುವ ದಂಡೆಯಲ್ಲಿ ಕೂರಿ. ಗಾಳಿ ಹೊತ್ತು ತಂದ ಕಸಕಡ್ಡಿಯ ಜೊತೆ ಮೀನಿನ ಆಹಾರವೂ ಅಲ್ಲಿಗೇ ಬಂದು ಸೇರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಎದ್ದು ಹೋಗಿ ಚಳಿಯಲ್ಲಿ ನಡುಗಿ ಪ್ರಯೋಜನವಿಲ್ಲ. ಬಿಸಿಲು ಏರಿ ದಂಡೆಯ ನೀರು ಬೆಚ್ಚಗಾದ ಮೇಲೆ, ಹನ್ನೊಂದರಿಂದ ಮೂರರವರೆಗೆ ಗೆಂಡೆ ಮೇಲೆ ಬರುತ್ತದೆ. ಮಾರ್ಚ್‌ನಿಂದ ಮೇ ತನಕ ನೀರು ಇಳಿಯುತ್ತಾ ಹೋಗುತ್ತದೆ, ಮೀನು ಇದ್ದ ಜಾಗದಲ್ಲೇ ಒತ್ತಾಗುತ್ತದೆ. ಸಂಜೆ ಐದರ ಮೇಲೆ ಒಳ್ಳೆಯ ಹೊತ್ತು. ಆದರೆ ಇಳಿದ ದಂಡೆಯ ಕೆಸರು ನೋಡಲು ಒಣಗಿದ ಹಾಗಿದ್ದು ಮೊಣಕಾಲಿನವರೆಗೆ ಎಳೆದುಕೊಳ್ಳುತ್ತದೆ, ಹುಷಾರು. ಈಜಲು ಅಂತೂ ಇಳಿಯಲೇಬೇಡಿ.

ಇನ್ನೊಂದು ಮಾತು. ಅಣೆಕಟ್ಟಿನ ನೀರಲ್ಲಿ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಮೊದಲು ಊರವರನ್ನು ಕೇಳಿ, ಒಪ್ಪಿದರೆ ಕೂರಿ. ನಮಗೆ ಅದು ಭಾನುವಾರದ ಆಟ, ಅವರಿಗೆ ಸೋಮವಾರದ ಊಟ.

ಸರಿ, ಏನು ಸಿಗುತ್ತದೆ? ಹೊಸಬರಿಗೆ ಮೊದಲು ಸಿಗುವುದು ತಿಲಾಪಿಯಾ. ನಮ್ಮ ಕಡೆ ಜಿಲೇಬಿ ಅನ್ನುತ್ತಾರಲ್ಲ, ಅದೇ. ಇಲ್ಲಿಯವರ ಬಾಯಲ್ಲಿ ಚಿಲಾಪಿ. ಎರೆಹುಳು ಸಾಕು, ಬ್ರೆಡ್ಡಿನ ಉಂಡೆಯೂ ಸಾಕು. ಗೆಂಡೆಗೆ, ಅಂದರೆ ಕಾಮನ್ ಕಾರ್ಪಿಗೆ, ಬೇಯಿಸಿದ ಜೋಳದ ಕಾಳು ಅಥವಾ ಹುರಿಗಡಲೆ ಹಿಟ್ಟು ಬೆರೆಸಿದ ಗೋಧಿ ಹಿಟ್ಟಿನ ಉಂಡೆ, ನೆಲಕ್ಕೆ ತಾಗುವ ಹಾಗೆ. ರೋಹು, ಮೃಗಾಲ್ ಕೂಡ ಅದೇ ಎರೆಗೆ ಬರುತ್ತವೆ. ಕಾಟ್ಲಾ ಮೇಲಿನ ನೀರಿನ ಮೀನು, ಅದಕ್ಕೆ ಬೆಂಡು ಕಟ್ಟಿ ಎರೆಯನ್ನು ಎತ್ತರದಲ್ಲಿ ನಿಲ್ಲಿಸಬೇಕು. ಜೊಂಡು ಇರುವ ಕಡೆ ಕೊರವ ಮೀನು ಅಡಗಿರುತ್ತದೆ, ಮರಾಠಿಯ ಮರಳ್. ಅದಕ್ಕೆ ಸಣ್ಣ ಮೀನೋ ಕಪ್ಪೆಯೋ ಬೇಕು. ಇನ್ನು ನಿಮ್ಮ ಪುಣ್ಯ ಚೆನ್ನಾಗಿದ್ದರೆ, ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದರೆ, ಕಲ್ಲು ಇರುವ ಕಡೆ, ಒಂದು ಮಹಶೀರ್. ನನಗೆ ಇಷ್ಟು ವರ್ಷಗಳಲ್ಲಿ ಅದು ಸಿಕ್ಕಿದ್ದು ಎರಡು ಕೈ ಬೆರಳುಗಳಲ್ಲಿ ಎಣಿಸುವಷ್ಟು ಸಲ. ಅದೂ ಹೆಚ್ಚಾಗಿ ರಾಗಿಮುದ್ದೆಯ ಎರೆಗೆ! ಊರಿಂದ ತಂದ ರಾಗಿ ಹಿಟ್ಟನ್ನು ಮೀನಿಗೆ ಹಾಕುತ್ತೀರಾ ಅಂತ ಮನೆಯಲ್ಲಿ ಬೈಗುಳವನ್ನೂ ತಿಂದಿದ್ದೇನೆ.

ಉತ್ತರ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ದಂಡೆಯಲ್ಲಿ ನನಗೆ ಪರಿಚಯದ ಒಬ್ಬ ಮೀನುಗಾರರಿದ್ದಾರೆ. ನಾನು ಅವರನ್ನು ಮಾಮಾ ಅನ್ನುತ್ತೇನೆ, ಅವರು ನನ್ನನ್ನು ಅಣ್ಣಾ ಅನ್ನುತ್ತಾರೆ. ದಕ್ಷಿಣದಿಂದ ಬಂದವರೆಲ್ಲ ಇಲ್ಲಿ ಅಣ್ಣಾಗಳೇ, ನಿಮಗೂ ಗೊತ್ತು. ಒಂದು ಸಲ ನನ್ನ ಬುಟ್ಟಿ ನೋಡಿ ಮಾಮಾ ನಕ್ಕರು. "ಅಣ್ಣಾ, ನಿಮ್ಮ ಬುಟ್ಟಿಯಲ್ಲಿ ಇರೋರೆಲ್ಲ ಬಾಹೇರ್ಚೆ. ನಿಮ್ಮ ಹಾಗೇ!" ಬಾಹೇರ್ಚೆ ಅಂದರೆ ಹೊರಗಿನವರು.

ಅವರು ತಮಾಷೆಗೆ ಹೇಳಿದ್ದು. ಆದರೆ ಮನೆಗೆ ಬಂದು ಯೋಚಿಸಿದರೆ ಮಾತು ಅಕ್ಷರಶಃ ನಿಜ. ತಿಲಾಪಿಯಾ ಆಫ್ರಿಕಾದ ಮೀನು, ಭಾರತಕ್ಕೆ ಬಂದಿದ್ದು 1952ರಲ್ಲಿ. ಕಾಮನ್ ಕಾರ್ಪಿನ ಒಂದು ತಳಿ 1939ರಲ್ಲಿ ಸಿಲೋನಿನಿಂದ ಊಟಿಗೆ ಬಂತು, ಇನ್ನೊಂದು ತಳಿ 1957ರಲ್ಲಿ ಬ್ಯಾಂಕಾಕ್‌ನಿಂದ. ರೋಹು, ಕಾಟ್ಲಾ, ಮೃಗಾಲ್ ಗಂಗೆಯ ಕಡೆಯ ಮೀನುಗಳು. 1957ರ ಜುಲೈ 10ರಂದು ಕಟಕ್‌ನಲ್ಲಿ ಹೀರಾಲಾಲ್ ಚೌಧುರಿಯವರು ಹಾರ್ಮೋನು ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆ ಈ ಮೂರರ ಮರಿಗಳು ದೇಶದ ಕೆರೆ ಕಟ್ಟೆಗಳಿಗೆಲ್ಲ ಹರಡಿದವು. ಈಗಲೂ ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸುವುದು ಅದಕ್ಕೇ. ಕೋಟ್ಯಂತರ ಜನಕ್ಕೆ ಅಗ್ಗದಲ್ಲಿ ಮೀನು ಸಿಕ್ಕಿತು, ಅದನ್ನು ಹಳಿಯುವ ಮನಸ್ಸು ನನಗಿಲ್ಲ. ಒಟ್ಟಿನಲ್ಲಿ ಪವನಾದಲ್ಲಿ ನೀವು ಹಿಡಿಯುವ ದೊಡ್ಡ ಮೀನುಗಳಲ್ಲಿ ಹೆಚ್ಚಿನವು ಯಾರೋ ತಂದು ಬಿಟ್ಟವು. ಇಲ್ಲೇ ಹುಟ್ಟಿದವು ಅಂದರೆ ಕೊರವ, ಒಂದಿಷ್ಟು ಸಣ್ಣ ಪುಟ್ಟ ಮೀನು, ಮತ್ತೆ ಮಹಶೀರ್.

ಈ ಮಹಶೀರ್ ಇದೆಯಲ್ಲ, ಇದು ಅಪ್ಪಟ ಪುಣೆಯ ಮೀನು. ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1839ರಲ್ಲಿ ಇದನ್ನು ಮೊದಲ ಸಲ ವಿಜ್ಞಾನಕ್ಕೆ ವರ್ಣಿಸಿ ಬರೆದದ್ದು ಇಲ್ಲಿನ ಮುಳಾ-ಮುಠಾ ನದಿಯ ಮೀನನ್ನು ನೋಡಿ. ಟಾರ್ ಖುದ್ರೀ ಅಂತ ಇದರ ಶಾಸ್ತ್ರೀಯ ಹೆಸರು. ರೆಕ್ಕೆಗಳು ನೀಲಿ ಛಾಯೆಯ ಬೂದು ಬಣ್ಣ, ಅದಕ್ಕೇ ನೀಲಿ ರೆಕ್ಕೆಯ ಮಹಶೀರ್ ಅನ್ನುತ್ತಾರೆ. (ಇವತ್ತು ಪುಣೆ ನಗರದೊಳಗೆ ಮುಳಾ-ಮುಠಾ ನೀರಿಗೆ ನೀವು ಕೈ ಕೂಡ ಅದ್ದುವುದಿಲ್ಲ, ಆ ಮಾತು ಬೇರೆ.) ಪವನಾ ಹೋಗಿ ಮುಳೆಯನ್ನು ಸೇರುತ್ತದೆ, ಮುಳಾ-ಮುಠಾ ಭೀಮೆಯನ್ನು, ಭೀಮೆ ನಮ್ಮ ಕಲಬುರಗಿ, ಯಾದಗಿರಿ ದಾಟಿ ಕೃಷ್ಣೆಯನ್ನು. ಹಾಗಾಗಿ ಉತ್ತರ ಕರ್ನಾಟಕದ ಓದುಗರಿಗೆ ಇದು ಪರಕೀಯ ಮೀನಲ್ಲ, ಒಂದೇ ನೀರಿನ ನೆಂಟ.

ಅಣೆಕಟ್ಟು, ಹೊಲಸು, ಸಿಡಿಮದ್ದು ಎಲ್ಲ ಸೇರಿ ಈ ಮೀನು ಕಡಿಮೆಯಾಗುತ್ತಾ ಬಂದಾಗ, 1970ರ ದಶಕದಲ್ಲಿ ಲೋಣಾವಳದ ವಲವಣ ಕೆರೆಯ ಬಳಿ ಟಾಟಾ ವಿದ್ಯುತ್ ಕಂಪನಿಯವರು ಮಹಶೀರ್ ಮರಿ ಮಾಡುವ ಕೇಂದ್ರ ನಡೆಸತೊಡಗಿದರು. ಸಿ.ವಿ. ಕುಲಕರ್ಣಿ, ಎಸ್.ಎನ್. ಓಗಳೆ ಮುಂತಾದವರು ಇದರ ಹಿಂದೆ ದುಡಿದವರು. ಮೊಟ್ಟೆಗಳನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ವಿಮಾನದಲ್ಲಿ ದೂರದ ಊರುಗಳಿಗೆ ಕಳಿಸುವ ವಿದ್ಯೆಯನ್ನೂ ಕಂಡುಹಿಡಿದರು. ಅಳಿದೇ ಹೋಗುತ್ತದೆ ಅಂದುಕೊಂಡಿದ್ದ ಮೀನನ್ನು ಉಳಿಸಿದ ಕೆಲಸ ಅದು. ನಾನು ಇವತ್ತೂ ಅವರಿಗೆ ಕೈ ಮುಗಿಯುತ್ತೇನೆ.

ಆ ಮರಿಗಳಲ್ಲಿ ಒಂದಿಷ್ಟು ನಮ್ಮ ಕಾವೇರಿಗೂ ಹೋದವು. ಈ ಸುದ್ದಿ ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ನಾನು ಉದ್ಯೋಗಕ್ಕೆ ಕಾವೇರಿಯಿಂದ ಲೋಣಾವಳದ ಬುಡಕ್ಕೆ ಬಂದೆ, ಇಲ್ಲಿಯ ಮೀನು ನಮ್ಮ ಕಾವೇರಿಗೆ ಹೋಯಿತು! ಸಂಘದ ಸ್ಮರಣ ಸಂಚಿಕೆಯೊಂದಕ್ಕೆ ಇದನ್ನೇ ಹಿಡಿದು ಒಂದು ಲೇಖನ ಬರೆದಿದ್ದೆ. "ಕೊಡುಕೊಳ್ಳುವ ಬಾಂಧವ್ಯ" ಅಂತೆಲ್ಲ ಹೊಗಳಿದ್ದೆ. ಜನ ಬೆನ್ನು ತಟ್ಟಿದ್ದರು. ಆ ಲೇಖನ ತಪ್ಪು. ಅದನ್ನು ಇವತ್ತು ಒಪ್ಪಿಕೊಳ್ಳಬೇಕಾಗಿದೆ.

ನಮ್ಮಪ್ಪ ಹಿಡಿಯುತ್ತಿದ್ದ ಮೀನಿಗೆ ನಾವು ಬಿಳಿಮೀನು ಅನ್ನುತ್ತಿದ್ದೆವು. ಹೆಸರು ಬಿಳಿಮೀನು ಆದರೂ ಅಪ್ಪ ಗುರುತು ಹೇಳುತ್ತಿದ್ದದ್ದು ಬೆನ್ನಿನ ಡುಬ್ಬದಿಂದ ಮತ್ತು ಕೆಂಡದ ಬಣ್ಣದ ರೆಕ್ಕೆಯಿಂದ. "ರೆಕ್ಕೆ ನೋಡು, ಕೆಂಡ ಇಟ್ಟಂಗದೆ" ಅನ್ನುತ್ತಿದ್ದ. ನಾನು ಚಿಕ್ಕವನಿದ್ದಾಗ ಅಂಥ ಒಂದು ಮೀನನ್ನು ಇಬ್ಬರು ಬಿದಿರಿಗೆ ಕಟ್ಟಿ ಹೊತ್ತು ತಂದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಬಾಲ ನೆಲಕ್ಕೆ ಎಳೆಯುತ್ತಿತ್ತು. ಇದು ಮಗುವಿನ ಕಣ್ಣಿನ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮೀನು 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ. ನನ್ನ ಆಗಿನ ತೂಕಕ್ಕಿಂತ ಎಷ್ಟೋ ಹೆಚ್ಚು!

ಕಳೆದ ವರ್ಷ ತಮ್ಮನ ಮಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಯಾರದೋ ಬಲೆಗೆ ಬಿದ್ದ ಮೀನು. "ನೋಡ್ ದೊಡ್ಡಪ್ಪ, ಬಿಳಿಮೀನ್ ಕನಾ! ತಾತ ಹಿಡೀತಿತ್ತು ಅಂತಿದ್ದೆಯಲ್ಲ" ಅಂತ. ಮನೆಯವರೆಲ್ಲ ಚಪ್ಪಾಳೆಯ ಚಿತ್ರ ಹಾಕಿದರು. ನಾನು ಫೋಟೋ ದೊಡ್ಡದು ಮಾಡಿ ನೋಡಿದೆ. ಬೆನ್ನು ನೇರ. ರೆಕ್ಕೆ ನೀಲಿ. ಅದು ನಮ್ಮಪ್ಪನ ಮೀನಲ್ಲ, ನಾನು ಪವನಾದಲ್ಲಿ ನೋಡುವ ಮೀನು.

ಅಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಒಂದು ವಾರದ ನಂತರ ಅವನದೇ ಫೋನು. ಊರಿನ ಹುಡುಗರೆಲ್ಲ ಸೇರಿ ಅಪ್ಪನ ವರ್ಷಾಂತಿಕದ ದಿನ ಹೊಳೆಗೆ ಮಹಶೀರ್ ಮರಿ ಬಿಡಬೇಕು ಅಂತ ಮಾಡಿದ್ದಾರಂತೆ. "ಲೋಣಾವಳದಲ್ಲಿ ಸಿಕ್ತದಂತಲ್ಲ ದೊಡ್ಡಪ್ಪ, ನೀನೇ ವಿಚಾರಿಸು. ಖರ್ಚು ನೀನೇ ನೋಡ್ಕೊ, ತಾತನ ಹೆಸರಲ್ಲಿ ಒಂದು ಪುಣ್ಯದ ಕೆಲಸ" ಅಂದ. ಮರಿಗಳನ್ನು ಹಾಗೆ ಯಾರಿಗಾದರೂ ಕೊಡುತ್ತಾರೋ ಇಲ್ಲವೋ, ಅದು ಬೇರೆ ಮಾತು. ನಾನು ಆಗುವುದಿಲ್ಲ ಅಂದೆ. ಅವನಿಗೆ ಅರ್ಥವಾಗಲಿಲ್ಲ. ದುಡ್ಡಿಗೆ ಹಿಂದೆ ಮುಂದೆ ನೋಡುತ್ತಿದ್ದೇನೆ ಅಂದುಕೊಂಡ. ಎರಡು ತಿಂಗಳು ಮಾತು ಬಿಟ್ಟ. ಅವನಿಗೆ ಫೋನಿನಲ್ಲಿ ಸರಿಯಾಗಿ ಹೇಳಲಾಗದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಕಾವೇರಿಯ ಡುಬ್ಬದ ಮಹಶೀರ್ ಬೇರೆಯೇ ಒಂದು ಜಾತಿ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಸೋಜಿಗ ಏನೆಂದರೆ, ಬ್ರಿಟಿಷರ ಕಾಲದಿಂದ ದೇಶವಿದೇಶದ ಗಾಳಗಾರರು ಇದರ ಹಿಂದೆ ಬಿದ್ದಿದ್ದರೂ ಇದಕ್ಕೆ ಖಚಿತವಾದ ಶಾಸ್ತ್ರೀಯ ಹೆಸರು ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ (ಅದೂ ಕಾವೇರಿಗೇ ಸೇರುವ ನೀರು) ಟಾರ್ ರೆಮಾದೇವಿ ಎಂಬ ಹೊಸ ಮೀನನ್ನು ವರ್ಣಿಸಿದ್ದರು. ನಮ್ಮ ಡುಬ್ಬದ ಮೀನೂ ಅದೇ ಅಂತ ಗೊತ್ತಾಗಿದ್ದು 2018ರಲ್ಲಿ, ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿದ ಮೇಲೆ. ಹೆಸರೇ ಇಲ್ಲದ್ದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸುವುದು ಹೇಗೆ? ರೇಷನ್ ಕಾರ್ಡಿನಲ್ಲಿ ಹೆಸರಿಲ್ಲದವನ ಪಾಡು ನಮಗೆ ಗೊತ್ತಲ್ಲ. ಹೆಸರು ಸಿಕ್ಕ ಆ ವರ್ಷವೇ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಅತಿ ಗಂಭೀರ ಅಪಾಯದ ಸಾಲಿಗೆ ಹೋಯಿತು. ನಮ್ಮ ನೀಲಿ ರೆಕ್ಕೆಯ ಲೋಣಾವಳದ ಮೀನು ಈಗ ಆತಂಕವಿಲ್ಲದ ಸಾಲಿನಲ್ಲಿದೆ.

ಇದರ ಮಧ್ಯೆ ಏನು ನಡೆಯಿತು ಅನ್ನುವುದಕ್ಕೆ ಸಾಕ್ಷಿ ಇಟ್ಟವರು ಗಾಳಗಾರರೇ. ಕಾವೇರಿ ದಂಡೆಯ ಗಾಳಿಬೋರೆಯ ಶಿಬಿರದಲ್ಲಿ ಹಿಡಿದು ಬಿಟ್ಟ ಪ್ರತಿ ಮೀನನ್ನೂ ತೂಕದ ಸಮೇತ ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕ, ಆರು ಸಾವಿರಕ್ಕೂ ಹೆಚ್ಚು ಮೀನು. ಅದನ್ನು ವಿಜ್ಞಾನಿಗಳು ಕೂತು ನೋಡಿದರು, 2015ರಲ್ಲಿ ಪ್ರಕಟಿಸಿದರು. ವರ್ಷ ಕಳೆದಂತೆ ನೀಲಿ ರೆಕ್ಕೆಯದು ಹೆಚ್ಚುತ್ತಾ ಹೋಗಿದೆ, ಡುಬ್ಬದ್ದು ಕಡಿಮೆಯಾಗುತ್ತಾ ಬಂದಿದೆ. ಕೊನೆಕೊನೆಗೆ ಸಿಕ್ಕ ಡುಬ್ಬದ ಮೀನುಗಳು ದೊಡ್ಡವೇ. ಮರಿಗಳಿಲ್ಲ. ಮುದುಕರು ಮಾತ್ರ ಉಳಿದ ಹಳ್ಳಿಯ ಹಾಗೆ. ನಮ್ಮಂಥ ವಲಸಿಗರಿಗೆ ಈ ಚಿತ್ರ ಬಿಡಿಸಿ ಹೇಳಬೇಕಿಲ್ಲ.

ಎಲ್ಲ ತಪ್ಪನ್ನೂ ನೀಲಿ ರೆಕ್ಕೆಯ ಮೀನಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಣೆಕಟ್ಟುಗಳು ನೀರು ತಡೆದವು. ಮರಳು ಎತ್ತಿದರು. ಸಿಡಿಮದ್ದು ಹಾಕಿ ಹೊಳೆಯನ್ನೇ ಕೊಂದರು, ಅದರಲ್ಲಿ ನಮ್ಮೂರಿನವರೂ ಇದ್ದರು. ಆದರೆ ಸೋತು ಸುಣ್ಣವಾಗಿದ್ದವನ ಜಾಗಕ್ಕೆ, ಅದೇ ಆಹಾರ ತಿನ್ನುವ, ಅದೇ ಕಲ್ಲಿನ ಸಂದಿ ಬಯಸುವ ಇನ್ನೊಬ್ಬ ದಾಯಾದಿಯನ್ನು ವರ್ಷ ವರ್ಷ ತಂದು ಕೂರಿಸಿದ್ದು ನಾವು. ಅದೂ ಉಪಕಾರ ಮಾಡುತ್ತಿದ್ದೇವೆ ಅಂದುಕೊಂಡು. ಬಿಟ್ಟವರ ಮೇಲೂ ನನಗೆ ಸಿಟ್ಟಿಲ್ಲ. 1970ರ ದಶಕದಲ್ಲಿ ಮಹಶೀರ್ ಅಂದರೆ ಮಹಶೀರ್, ಅಷ್ಟೇ. ಎರಡು ಜಾತಿ, ಎರಡು ನದಿ ಅನ್ನುವ ತಿಳುವಳಿಕೆ ಇರಲಿಲ್ಲ. ಅದೇ ಗಾಳದ ಶಿಬಿರಗಳ ಕಾವಲುಗಾರರು ಸಿಡಿಮದ್ದಿನವರನ್ನು ದೂರ ಇಟ್ಟಿದ್ದೂ ನಿಜ. ಆದರೆ ಈಗ ಗೊತ್ತಿದೆ. ಗೊತ್ತಾದ ಮೇಲೂ ಮಾಡಿದರೆ ಅದು ಅಜ್ಞಾನ ಅಲ್ಲ.

"ಯಾವುದೋ ಒಂದು ಮಹಶೀರ್ ಇದೆಯಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿಯಲ್ಲವೇ?" ಅಂತ ಒಬ್ಬ ಗೆಳೆಯರು ವಾದಿಸಿದರು. ವಾಸಿ ಅಲ್ಲ ಅಂತ ನನ್ನ ಅಭಿಪ್ರಾಯ. ಹೊಳೆಯಲ್ಲಿ ಮೀನೇ ಇಲ್ಲ ಅಂದರೆ ಊರು ಗಾಬರಿಯಾಗುತ್ತದೆ, ಯಾಕೆ ಅಂತ ಕೇಳುತ್ತದೆ. ಇನ್ನೊಂದು ಮೀನು ಅದೇ ಹೆಸರಿಟ್ಟುಕೊಂಡು ಓಡಾಡುತ್ತಿದ್ದರೆ ಹೋದದ್ದು ಹೋಯಿತು ಅಂತಲೂ ಗೊತ್ತಾಗುವುದಿಲ್ಲ. ನಮ್ಮ ಮನೆಯ ಗುಂಪಿನಲ್ಲೇ ಎಲ್ಲರೂ ಚಪ್ಪಾಳೆ ಹೊಡೆದರಲ್ಲ, ಹಾಗೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ, ಯಾಕೆಂದರೆ ಈ ಊರಿನಲ್ಲಿ "ಹೊರಗಿನವರು" ಎಂಬ ಪದ ಕೇಳಿ ನಮ್ಮ ಕಿವಿ ಸೂಕ್ಷ್ಮವಾಗಿದೆ. ಹಾಗಾದರೆ ನೀನೂ ಹೊರಗಿನವನೇ, ವಾಪಸ್ ಹೋಗು ಅನ್ನಬಹುದೇ? ಆಗುವುದಿಲ್ಲ. ಮನುಷ್ಯರೆಲ್ಲ ಒಂದೇ ಜಾತಿ. ಕೊಳ್ಳೇಗಾಲದವನು ಚಿಂಚವಡಕ್ಕೆ ಬಂದರೆ ಮರಾಠಿ ಕಲಿಯುತ್ತಾನೆ, ಬಾಡಿಗೆ ಕೊಡುತ್ತಾನೆ, ಪಕ್ಕದ ಮನೆಯವರಿಗೆ ಹಬ್ಬಕ್ಕೆ ಹೋಳಿಗೆ ಕೊಡುತ್ತಾನೆ, ಅವರಿಂದ ಯಾರೂ ಅಳಿದುಹೋಗುವುದಿಲ್ಲ. ಮೀನಿಗೆ ಮಾತಾಡಿಕೊಂಡು ಹೊಂದಿಕೊಳ್ಳುವ ದಾರಿ ಇಲ್ಲ. ಮೀನಿನ ಲೆಕ್ಕವನ್ನು ಮನುಷ್ಯರಿಗೆ ಹಚ್ಚುವವರನ್ನೂ, ಮನುಷ್ಯರ ಲೆಕ್ಕವನ್ನು ಮೀನಿಗೆ ಹಚ್ಚುವವರನ್ನೂ ನಾನು ಒಪ್ಪುವುದಿಲ್ಲ. ಸಂಚಿಕೆಯ ಲೇಖನದಲ್ಲಿ ನಾನು ಮಾಡಿದ್ದು ಎರಡನೆಯ ತಪ್ಪು.

ಹಾಗಾದರೆ ಮಾಡಬೇಕಾದ್ದೇನು? ನನ್ನ ಬುದ್ಧಿಗೆ ತೋಚಿದ್ದು ಇಷ್ಟು. ಒಂದು ನದಿಯ ಮೀನಿನ ಮರಿಯನ್ನು ಇನ್ನೊಂದು ನದಿಗೆ ಬಿಡುವುದು ನಿಲ್ಲಬೇಕು. ಮಹಶೀರ್ ಮರಿ ಬಿಟ್ಟೆವು ಅಂತ ಯಾರಾದರೂ ಪತ್ರಿಕೆಯಲ್ಲಿ ಫೋಟೋ ಹಾಕಿಸಿಕೊಂಡರೆ, ಯಾವ ಮಹಶೀರ್, ಯಾವ ನೀರಿನದು ಅಂತ ಓದುಗರು ಕೇಳಬೇಕು. ಲೋಣಾವಳದ ಮರಿಗಳು ಕೃಷ್ಣೆ, ಭೀಮೆಯ ನೀರಿಗೇ ಸಾಕಷ್ಟು ಬೇಕು. ಕಾವೇರಿಗೆ ಬಿಡುವುದಾದರೆ ಉಳಿದಿರುವ ಡುಬ್ಬದ ಮೀನಿನ ಸಂತಾನವನ್ನೇ ಬಿಡಬೇಕು. ಕೊಡಗಿನ ಹಾರಂಗಿಯಲ್ಲಿ ಕರ್ನಾಟಕ ಸರ್ಕಾರದ ಮಹಶೀರ್ ಮರಿ ಕೇಂದ್ರ ಇದೆ, ಕೈ ಪಳಗಿದ ಜನ ಇದ್ದಾರೆ. ಲೋಣಾವಳದಲ್ಲಿ ಖುದ್ರೀ ಮೀನಿಗೆ ಮಾಡಿದ್ದನ್ನು ಅಲ್ಲಿ ಡುಬ್ಬದ ಮೀನಿಗೆ ಯಾಕೆ ಮಾಡಬಾರದು? ಕಷ್ಟ ಇರಬಹುದು. ಐವತ್ತು ವರ್ಷದ ಹಿಂದೆ ಇಲ್ಲಿಯೂ ಕಷ್ಟವೇ ಇತ್ತು.

ಇನ್ನು ಪವನಾಕ್ಕೆ ಹೊರಟ ನಿಮಗೆ. ಜಿಲೇಬಿ ಎಷ್ಟು ಬೇಕಾದರೂ ಹಿಡಿಯಿರಿ, ಖಾರ ಹಚ್ಚಿ ಹುರಿದರೆ ಚೆನ್ನಾಗಿರುತ್ತದೆ. ಗೆಂಡೆ ಸಾರಿಗೆ ಆಗುತ್ತದೆ, ಹುಣಸೆಹುಳಿ ಸ್ವಲ್ಪ ಮುಂದಿರಲಿ. ಮಹಶೀರ್ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ, ನೀರಿನಲ್ಲೇ ಒಂದು ನಿಮಿಷ ಹಿಡಿದು, ಅದು ತಾನಾಗಿ ಬಾಲ ಬೀಸಿದಾಗ ಬಿಟ್ಟುಬಿಡಿ. ಈ ನೀರಿನಲ್ಲಿ ಅದು ಮನೆಯ ಯಜಮಾನ. ಒಂದು ಚಿಕ್ಕ ನೋಟ್ ಪುಸ್ತಕದಲ್ಲಿ ತಾರೀಖು, ಜಾಗ, ಮೀನು, ಅಂದಾಜು ತೂಕ ಬರೆದಿಡಿ. ನಾನು ಇಷ್ಟು ವರ್ಷ ಬರೆಯದೇ ಹೋದೆ, ಈಗ ಶುರು ಮಾಡಿದ್ದೇನೆ. ಮನೆಯ ಗಾಜಿನ ಪೆಟ್ಟಿಗೆಯಲ್ಲಿ ದೊಡ್ಡದಾದ ಮೀನನ್ನು ಕರುಣೆಯಿಂದ ತಂದು ಅಲ್ಲಿ ಬಿಡಬೇಡಿ, ದಯವಿಟ್ಟು.

ತಮ್ಮನ ಮಗ ಈ ಯುಗಾದಿಗೆ ಮತ್ತೆ ಫೋನ್ ಮಾಡಿದ. ಬೇವುಬೆಲ್ಲದ ಮಾತೆಲ್ಲ ಮುಗಿದ ಮೇಲೆ, "ಅಲ್ಲ ದೊಡ್ಡಪ್ಪ, ತಾತನ ಮೀನು ಇನ್ನೂ ಎಲ್ಲಾರ ಅದಾ?" ಅಂತ ಕೇಳಿದ. ಮೋಯಾರ್ ಕಡೆ ಒಂದಿಷ್ಟು ಉಳಿದಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಈ ವರ್ಷ ತಾತನ ದಿನ ಹುಡುಗರೆಲ್ಲ ಸೇರಿ ಹೊಳೆ ದಂಡೆಯ ಪ್ಲಾಸ್ಟಿಕ್ ಎತ್ತುತ್ತೇವೆ, ಸಿಡಿಮದ್ದಿನವರು ಬಂದರೆ ಪೊಲೀಸಿಗೆ ಹೇಳುತ್ತೇವೆ ಅಂದ. ಅದರ ಖರ್ಚು ನಾನು ಕೊಡುತ್ತೇನೆ ಅಂದೆ. ಪ್ಲಾಸ್ಟಿಕ್ ಎತ್ತಲು ಖರ್ಚೇನು ಅಂತ ನಕ್ಕ. ಕೈಗವಸಿಗಾದರೂ ಇರಲಿ ಅಂತ ಸ್ವಲ್ಪ ಕಳಿಸಿದೆ.

ನಿಮ್ಮಲ್ಲಿ ಕಾವೇರಿ, ಕಬಿನಿ, ಹೇಮಾವತಿ, ಶಿಂಷಾ ದಂಡೆಯ ಊರಿನವರು ಇದ್ದರೆ ಒಂದು ಕೆಲಸ ಮಾಡಿ. ಮನೆಯಲ್ಲಿ ಹಿರಿಯರು ಇನ್ನೂ ಇದ್ದರೆ ಕೇಳಿ: ಬಿಳಿಮೀನಿನ ರೆಕ್ಕೆ ಯಾವ ಬಣ್ಣ ಇತ್ತು, ಕೊನೆಯ ಸಲ ಯಾವ ವರ್ಷ ನೋಡಿದ್ದು, ಯಾವ ಮಡುವಿನಲ್ಲಿ. ನನಗೆ ಬರೆದು ತಿಳಿಸಿ. ಅವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.